ತೊಲೆಯ ಮೇಲಿಂದ ಬಂದ ಕರೆಂಟು

ಚಮನಸಾಬ ವೈರಿಂಗ್ ಮಾಡಿದ ಮನೆಯಲ್ಲಿ ಬಲ್ಬು ಕಾಣುತ್ತದೆ, ತಂತಿ ಕಾಣುವುದಿಲ್ಲ ಎಂದು ಇಂಡಿ ಊರಿನಲ್ಲಿ ಮಾತಿತ್ತು. ನೆಲ ಕೊರೆದು, ಪೈಪು ಹೂತು, ಮೇಲೆ ಸಿಮೆಂಟು ಸವರಿದನೆಂದರೆ ಎಲ್ಲಿ ಕೊರೆದಿದ್ದನೆಂದು ಅವನೇ ಹುಡುಕಬೇಕು. ಮೂವತ್ತು ವರ್ಷಗಳ ಹೆಮ್ಮೆ ಅದು.

ಹೊಲಿಗೆ ಕಲಿಸುವ ಸಗೀರಾ ಹಳೆಯ ಎಣ್ಣೆ ಗಿರಣಿಯ ಕಚೇರಿಯನ್ನು ಬಾಡಿಗೆಗೆ ಹಿಡಿದಿದ್ದಳು. ದೊಡ್ಡ ಕೋಣೆಯ ನಡುವೆ ಹತ್ತು ಹೊಲಿಗೆ ಯಂತ್ರಗಳಿಗೆ ಕರೆಂಟು ಬೇಕು ಎಂದಾಗ ಚಮನಸಾಬ ನೆಲ ಕೊರೆಯುವ ಕಟ್ಟರ್ ಹಿಡಿದೇ ಬಂದ. ನೆಲದ ತುಂಬ ಟೈಲ್ಸಿನಂತೆ ಅಂಟಿಸಿದ ಕಂದುಬಣ್ಣದ ತೆಳು ಬಿಲ್ಲೆಗಳು, ಐವತ್ತು ವರ್ಷ ಹಳೆಯವು. ಸೀಮೆಸುಣ್ಣದಿಂದ ಗೆರೆ ಎಳೆದು ಇನ್ನೇನು ಕಟ್ಟರ್ ಚಾಲೂ ಮಾಡಬೇಕು, ಅಷ್ಟರಲ್ಲಿ ಪ್ರಜ್ಞಾ ಬಂದಳು. ಅವನ ಮಗಳು ಅಬಿದಾಳ ಜೊತೆ ಓದಿದ ಹುಡುಗಿ, ಈಗ ಇಂಜಿನಿಯರ್. ಈ ಕೆಲಸದ ಉಸ್ತುವಾರಿ ಅವಳದೇ.

"ಚಾಚಾ, ಮಶೀನ್ ಕೆಳಗ ಇಡ್ರಿ. ಆ ನೆಲಾ ಕೊರಿಯಾಕ ಬರೂದಿಲ್ಲ."

"ಯಾಕವ್ವಾ? ನಿನಗಿಂತ ಹೆಚ್ಚು ನೆಲಾ ಕೊರದೇನಿ ನಾ."

"ಒಂದು ತುಂಡು ಪುಣೆದ ಲ್ಯಾಬಿಗೆ ಕಳಿಸಿದ್ದೆ. ಬಿಲ್ಲಿಯೊಳಗ ಆಸ್ಬೆಸ್ಟಾಸ್ ಐತಂತ ನಿನ್ನೆ ರಿಪೋರ್ಟ್ ಬಂತು. ಮುಟ್ಟದಽ ಬಿಟ್ರ ಏನೂ ಆಗೂದಿಲ್ಲ. ಕೊರದ್ರ ಕಣ್ಣಿಗೆ ಕಾಣದ ಎಳಿ ಗಾಳಿಗೆ ಏಳತಾವು. ಒಮ್ಮೆ ಪುಪ್ಪುಸದಾಗ ಹೊಕ್ಕರ ಹೊರಗ ಬರೂದಿಲ್ರಿ."

ಚಮನಸಾಬನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹತ್ತು ವರ್ಷದ ಹಿಂದೆ ಸಿಂದಗಿಯ ಒಂದು ಗೋದಾಮಿನಲ್ಲಿ ಇಂಥವೇ ಬಿಲ್ಲೆಗಳನ್ನು ಎರಡು ದಿನ ಕೊರೆದಿದ್ದ. ಮೂಗಿಗೆ ಕಟ್ಟಿಕೊಂಡಿದ್ದು ಟವೆಲ್ ಮಾತ್ರ. ಆ ಧೂಳಿನ ರುಚಿ ಈಗ ನಾಲಿಗೆಗೆ ಬಂದಂತಾಯಿತು. ಕಟ್ಟರಿನ ವೈರು ಸುತ್ತುತ್ತಾ ಸಣ್ಣ ದನಿಯಲ್ಲಿ ಅದನ್ನು ಹೇಳಿದ.

ಪ್ರಜ್ಞಾ ಹೆದರಿಸಲಿಲ್ಲ, ಹಗುರವಾಗಿಯೂ ಮಾತಾಡಲಿಲ್ಲ. "ಎರಡು ದಿನದ ಕೆಲಸಕ್ಕ ಏನೂ ಆಗಿರಲಿಕ್ಕಿಲ್ಲ ಚಾಚಾ. ಆದ್ರೂ ಒಮ್ಮೆ ಡಾಕ್ಟರಿಗೆ ತೋರಸೂಣು. ನಾನೂ ಬರ್ತೇನಿ."

ಮರುದಿನ ಇಬ್ಬರೂ ಬಸ್ಸು ಹತ್ತಿ ವಿಜಯಪುರಕ್ಕೆ ಹೋದರು. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಈಗ ಏನೂ ಇಲ್ಲ, ಆಗಾಗ ತೋರಿಸುತ್ತಿರಿ, ಬೀಡಿ ಮಾತ್ರ ಇವತ್ತೇ ಬಿಡಿ ಎಂದರು. ಚಮನಸಾಬ ಕಿಸೆಯಲ್ಲಿದ್ದ ಕಟ್ಟನ್ನು ಬಸ್‌ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕಿ ಎರಡು ಗ್ಲಾಸು ಕಬ್ಬಿನಹಾಲು ಕುಡಿದ.

ಕೆಲಸ ಇನ್ನೂ ಹಾಗೇ ಇತ್ತು. ಗೋಡೆಯ ಬದಿಯಿಂದ ತಂತಿ ತಂದರೆ ನಡುವಿನ ಯಂತ್ರಗಳಿಗೆ ಮುಟ್ಟುವುದಿಲ್ಲ. ನೆಲದ ಮೇಲೆ ಎಳೆದರೆ ಹೆಣ್ಣುಮಕ್ಕಳ ಕಾಲಿಗೆ ತೊಡರುತ್ತದೆ. ಚಮನಸಾಬ ಕುತ್ತಿಗೆ ಎತ್ತಿ ಮಾಳಿಗೆ ನೋಡಿದ. ಕಲ್ಲುಹಾಸಿನ ಕೆಳಗೆ ಕಬ್ಬಿಣದ ತೊಲೆಗಳು ಉದ್ದಕ್ಕೂ ಹೋಗಿದ್ದವು.

"ಪ್ರಜ್ಞಾ, ತೊಲಿಗೆ ಕ್ಲಾಂಪ್ ಹಾಕಿ ಮ್ಯಾಲಿಂದಽ ತಂದ್ರ? ಒಂದು ತೂತೂ ಹೊಡಿಯೂದು ಬ್ಯಾಡ. ಒಂದೊಂದು ಮಶೀನಿಗೆ ಒಂದೊಂದು ಪೈಪ್ ಇಳಿಸೂದು."

"ಇದನ್ನಽ ಕೇಳಬೇಕಂತಿದ್ದೆ ಚಾಚಾ. ಆದ್ರ ತಂತಿ ಎಲ್ಲಾ ಕಾಣತೈತಲ್ಲ, ನಡೀತೈತಾ ನಿಮಗ?"

"ಕಾಣಲಿ ಬಿಡು. ನೋಡಿದವರು ನೋಡಕೋತ ನಿಂದರಬೇಕು, ಹಂಗ ಮಾಡತೇನಿ."

ಬಿಲ್ಲೆಗಳ ಮೇಲೆ ದಪ್ಪ ತಾಡಪತ್ರಿ ಹಾಸಿದರು. ಏಣಿಯ ಕಾಲಿಗೆ ರಬ್ಬರು ಕಟ್ಟಿದರು. ಧೂಳು ಏಳಬಾರದೆಂದು ಸಗೀರಾಳ ಕೈಯಿಂದ ಪ್ರಜ್ಞಾ ಕಸಬರಿಗೆ ಕಸಿದುಕೊಂಡು ಒದ್ದೆ ಬಟ್ಟೆ ಕೊಟ್ಟಳು. ಚಮನಸಾಬ ಮೇನ್ ಬಂದ್ ಮಾಡಿ, ಗೌಂಡಿಯಂತೆ ತೂಗುಗುಂಡು ಇಳಿಬಿಟ್ಟು ಒಂದೊಂದು ಪೈಪನ್ನೂ ನೆಟ್ಟಗೆ ನಿಲ್ಲಿಸಿದ. ಏಳನೆಯದು ಬೆರಳಗಲ ವಾರೆಯಾಗಿತ್ತು. ಯಾರಿಗೂ ಕಾಣುತ್ತಿರಲಿಲ್ಲ, ಆದರೂ ಬಿಚ್ಚಿ ಮತ್ತೆ ಕೂರಿಸಿದ. ಐದನೆಯ ದಿನಕ್ಕೆ ಹತ್ತು ಬಿಳಿ ಪೈಪುಗಳು ಒಂದೇ ಸಾಲಿನಲ್ಲಿ ಇಳಿದು, ತುದಿಗೊಂದು ಪ್ಲಗ್ಗು ಹೊತ್ತು, ಸರಿಯಾಗಿ ಭುಜದೆತ್ತರಕ್ಕೆ ನಿಂತಿದ್ದವು.

ಸಗೀರಾ ಮೊದಲ ಯಂತ್ರದ ಮುಂದೆ ಕುಳಿತು ಪೆಡಲ್ ಒತ್ತಿದಳು. ಹಳದಿ ಬಟ್ಟೆ ಸರ್ರನೆ ಓಡಿತು.

"ಯವ್ವಾ, ಕಾಲಾಗ ಒಂದೂ ವಾಯರ್ ಇಲ್ಲ ನೋಡ್ರಿ!" ಎಂದು ಕೂಗಿ, ಹೊಲಿಗೆ ಕಲಿಯಲು ಬಂದವರನ್ನು ಕರೆದಳು.

ಹೆಂಗಸರು ನಗುತ್ತ ಒಬ್ಬೊಬ್ಬರಾಗಿ ಕುಳಿತರು. ಹತ್ತೂ ಯಂತ್ರಗಳು ಒಟ್ಟಿಗೆ ಹೊರಟವು. ಚಮನಸಾಬ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿ, ಹೋಗುವುದನ್ನು ಮರೆತು, ತಲೆ ಎತ್ತಿ ತನ್ನ ತಂತಿಗಳನ್ನೇ ನೋಡುತ್ತ ನಿಂತ.