ನಂಜುಂಡನಿಗೆ ಕೊಟ್ಟ ಕೂದಲು

ನನ್ನ ತಂಗಿ ಪಂಕಜಾ ಡಾಕ್ಟರಾಗಬೇಕೆಂದು ಹಟ ಹಿಡಿದ ವರ್ಷ ನಾನು ಎರಡನೇ ಬಾಣಂತನಕ್ಕೆಂದು ಇಲವಾಲದಿಂದ ತವರಿಗೆ ಬಂದಿದ್ದೆ. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮಪ್ಪ ಜವರಪ್ಪನ ಸೌದೆ ಡಿಪೋ, ಅದರ ಹಿಂದೆಯೇ ಮನೆ. ಮುಂದೆ ಕೊಡಲಿ ಏಟು, ಒಳಗೆ ನನ್ನ ಮಗುವಿನ ಅಳು. ಇವೆರಡರ ನಡುವೆ ಕೂತು ಅವಳು ಕಪ್ಪೆಯ ಕರುಳಿನ ಚಿತ್ರ ಬರೆಯುತ್ತಿದ್ದಳು. ಊಟಕ್ಕೆ ಕೂತವರ ಎದುರಿಗೇ ಬರೆಯುತ್ತಿದ್ದಳು, ಅದೊಂದು ನನಗೆ ಆಗುತ್ತಿರಲಿಲ್ಲ.

ನನ್ನನ್ನು ಲೋಯರ್ ಸೆಕೆಂಡರಿಗೇ ಬಿಡಿಸಿ ಮದುವೆ ಮಾಡಿದ್ದರು. ಅವಳನ್ನು ನೋಡಿ ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಇಂಟರ್‌ಮೀಡಿಯೆಟ್‌ನಲ್ಲಿ ಅವಳಿಗೆ ಫಸ್ಟ್ ಕ್ಲಾಸ್ ಬಂದ ದಿನ ಬೀದಿಗೆಲ್ಲ ಸಕ್ಕರೆ ಹಂಚಿದವಳು ನಾನೇ. ಅಪ್ಪನಿಗೂ ಖುಷಿಯಾಗಿತ್ತು, ಆದರೆ ಖುಷಿಯಲ್ಲೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

"ಈ ವರ್ಷ ಮೆಡಿಕಲ್ ಸೀಟು ಸಿಕ್ರೆ ಓದು, ನಾನು ಬ್ಯಾಡ ಅನ್ನಕಿಲ್ಲ. ಸಿಗ್ನಿಲ್ವಾ, ಗೆಜ್ಜಗಳ್ಳಿ ಸಂಬಂಧ ಒಪ್ಕೋ. ಇನ್ನೊಂದು ವರ್ಷ ನೋಡ್ತೀನಿ ಅಂತ ನನ್ ತಾವ ಬರಬ್ಯಾಡ."

ಗೆಜ್ಜಗಳ್ಳಿಯ ಹುಡುಗ ಕೆಟ್ಟವನೇನಲ್ಲ. ಎರಡು ಜೊತೆ ಎತ್ತು, ನೀರಾವರಿ ಗದ್ದೆ, ಬಾಯಿ ತುಂಬ ಎಲೆಅಡಿಕೆ. ಪಂಕಿ ಅವನ ಮಾತು ಬಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಅರ್ಜಿ ಹಾಕಿದ್ದಾಯಿತು. ಅವಳ ಜೊತೆಯವರಿಗೆಲ್ಲ ಇಂಟರ್‌ವ್ಯೂ ಕಾರ್ಡು ಬಂತು, ಇವಳಿಗೆ ಬರಲಿಲ್ಲ. ಪೋಸ್ಟಿನವನು ನಮ್ಮ ಬೀದಿ ದಾಟುವವರೆಗೂ ಅವಳು ಡಿಪೋ ಬಾಗಿಲಲ್ಲೇ ನಿಂತಿರುತ್ತಿದ್ದಳು. ಅನ್ನ ಮುಟ್ಟುತ್ತಿರಲಿಲ್ಲ. ಕಾರಣ ಕಂಡುಹಿಡಿದವಳು ನಮ್ಮವ್ವ ಕೆಂಚಮ್ಮ.

"ಹರಕೆ ಅಡ್ಡ ನಿಂತದೆ," ಎಂದಳು.

ಪಂಕಿಗೆ ಐದಾರು ವರ್ಷವಿದ್ದಾಗ ಜ್ವರ ಬಂದು, ಆಸೆ ಬಿಟ್ಟಾಗಿತ್ತಂತೆ. ಮಗು ಉಳಿದರೆ ಮುಡಿ ಕೊಡಿಸುತ್ತೇನೆಂದು ಅವ್ವ ನಂಜನಗೂಡಿನ ಕಡೆ ಮುಖ ಮಾಡಿ ಹೇಳಿಕೊಂಡಿದ್ದಳು. ಮಗು ಉಳಿಯಿತು, ಹರಕೆಯೂ ಹಾಗೇ ಉಳಿಯಿತು. ಒಂದು ವರ್ಷ ಸುಗ್ಗಿ, ಒಂದು ವರ್ಷ ಮನೆಯಲ್ಲಿ ಸೂತಕ, ಆಮೇಲೆ ಹುಡುಗಿ ದೊಡ್ಡವಳಾಗಿ ಸುತರಾಂ ಒಪ್ಪಲಿಲ್ಲ.

"ಅವನು ನಂಜುಂಡ, ಹಕೀಮ. ಖಾಯಿಲೆ ವಾಸಿ ಮಾಡೋ ದೇವರು," ಎಂದು ಅವ್ವ ಶುರುಮಾಡಿದಳು. "ನೀನು ಹೊರಟಿರೋದು ಡಾಕ್ಟ್ರು ಓದಕ್ಕೆ. ನಿನ್ನ ಉಳಿಸಿದ ಡಾಕ್ಟ್ರಿಗೇ ಕೊಟ್ಟ ಮಾತು ನಡೆಸಿಲ್ಲ. ಅವನು ಎಂಗೆ ಬಾಗಿಲು ತೆಗೀತಾನೆ?"

ಪಂಕಿ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಒಂದು ಬೆಳಿಗ್ಗೆ, ಪೋಸ್ಟಿನವನು ಮತ್ತೆ ತಲೆಯಾಡಿಸಿ ಹೋದ ಮೇಲೆ, ತಾನಾಗಿಯೇ ಒಳಗೆ ಬಂದು "ನಡಿಯವ್ವ, ಹೋಗಿ ಬರೋಣ" ಎಂದಳು. ನಾನು ಅಡ್ಡ ಬಂದೆ.

"ವಯಸ್ಸಿಗೆ ಬಂದ ಹುಡುಗಿ ಕಣವ್ವ. ಬೋಳು ತಲೆ ಇಟ್ಕೊಂಡು ಮೈಸೂರಲ್ಲಿ ಓಡಾಡಿದ್ರೆ ನೋಡಿದೋರು ಏನಂತಾರೆ?"

"ಏನಂತಾರೆ? ನಮ್ಮಲ್ಲಿ ದೇವರಿಗೆ ಬಿಟ್ರೆ ಇನ್ಯಾರಿಗೆ ಕೂದಲು ತೆಗೀತಾರೆ? ಗಂಡ ಸತ್ರೂ ತೆಗೆಯಕಿಲ್ಲ."

ಅದೇನೋ ನಿಜ. ನಮ್ಮಲ್ಲಿ ಹಾಗೆ ಮಾಡುವುದಿಲ್ಲ. ಆದರೆ ಅಗ್ರಹಾರದ ಕಡೆ ಬೋಳುತಲೆಯ ಮೇಲೆ ಸೆರಗು ಹೊದ್ದ ಮುದುಕಿಯರನ್ನು ನಾವೂ ಕಂಡವರೇ. ಅವ್ವನ ಲೋಕದಲ್ಲಿ ಆ ಬೀದಿಗಳು ಇರಲಿಲ್ಲ.

ಕಪಿಲೆಯ ದಡದಲ್ಲಿ ಕೂದಲು ಉದುರುವಾಗ ಪಂಕಿ ಕಣ್ಣು ಮುಚ್ಚಿಕೊಂಡಿದ್ದಳು. ಸೊಂಟದವರೆಗಿನ ಜಡೆ. ನಾನು ಅತ್ತೆ, ಅವಳು ಅಳಲಿಲ್ಲ. ಮುಳುಗು ಹಾಕಿಸಿ, ತಲೆಗೆ ಗಂಧ ಬಳಿದು ರೈಲು ಹತ್ತಿಸಿಕೊಂಡು ಬಂದೆವು. ಮರುದಿನವೇ ಕಾರ್ಡು ಬಂತು! ಅವ್ವ ಅದನ್ನು ಓದಲು ಬಾರದಿದ್ದರೂ ಕಣ್ಣಿಗೊತ್ತಿಕೊಂಡು, "ನೋಡಿದ್ರಾ?" ಎಂದು ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಇಂಟರ್‌ವ್ಯೂ ಅದೇ ವಾರ. ಅಷ್ಟರಲ್ಲಿ ಕೂದಲು ಬೆಳೆಯುವುದಾದರೂ ಎಲ್ಲಿಂದ?

ಇಂಟರ್‌ವ್ಯೂಗೆ ಸಾದಾ ಬಿಳಿ ಸೀರೆ ಉಡಬೇಕು, ಕೈಯಲ್ಲಿ ಬಳೆ ಗಲಗಲ ಅನ್ನಬಾರದು, ಗಂಭೀರವಾಗಿ ಕಾಣಬೇಕು ಎಂದು ಗೆಳತಿಯರು ಹೇಳಿಕೊಟ್ಟಿದ್ದರಂತೆ. ಅವರು ಹೇಳಿದ್ದು ಜಡೆ ಇರುವ ಹುಡುಗಿಗೆ ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬಾಗಿಲ ಹತ್ತಿರ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬೆವರು ಸುರಿಯುತ್ತಿತ್ತು, ಸೆರಗಿನಿಂದ ಹಣೆ, ಕುಂಕುಮ ಎಲ್ಲ ಒರೆಸಿಕೊಂಡು, ಅದನ್ನೇ ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಅಪ್ಪನೂ ನಾನೂ ಮಗುವನ್ನು ಎತ್ತಿಕೊಂಡು ಹೊರಗೆ ಹುಣಸೆಮರದ ಕೆಳಗೆ ಕಾದೆವು.

ಹೊರಗೆ ಬಂದವಳು ಮೊದಲು ಟಾಂಗಾ ಹತ್ತಿದಳು. ಆಮೇಲೆ ಹೇಳಿದಳು. ಒಳಗೆ ನಾಲ್ಕೈದು ಜನ ಕೂತಿದ್ದರಂತೆ. ರಕ್ತ ಸಂಚಾರದ ಬಗ್ಗೆ ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದಳಂತೆ. ನಡುವೆ ಕೂತಿದ್ದ ವಯಸ್ಸಾದವರು, ಡಾಕ್ಟರ್ ರಾಮಸ್ವಾಮಿ ಎಂದು ಹೆಸರು, ಏನನ್ನೂ ಕೇಳದೆ ಅವಳನ್ನೇ ನೋಡುತ್ತಿದ್ದವರು ಕೊನೆಗೆ ಬಾಯಿಬಿಟ್ಟರಂತೆ: "ಈ ವಯಸ್ಸಿಗೇ ಗಂಡನ್ನ ಕಳ್ಕೊಂಡು, ಕೂದಲು ತೆಗೆಸಿಕೊಂಡು, ಅದರ ಮೇಲೂ ಇಷ್ಟು ಓದಿದ್ದೀಯಲ್ಲಮ್ಮ. ನನ್ನ ತಂಗಿಗೂ ಹನ್ನೆರಡನೇ ವಯಸ್ಸಿಗೆ ಇದೇ ಗತಿಯಾಯ್ತು. ಅವಳನ್ನ ಓದಿಸೋ ಧೈರ್ಯ ನನಗೆ ಬರಲಿಲ್ಲ. ಅಡಿಗೆಮನೆಯಲ್ಲೇ ಮುದುಕಿಯಾದಳು." ಹಾಗೆಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ.

"ಇಲ್ಲ ಸಾರ್ ಅನ್ನೋಕೆ ಬಾಯಿ ತೆಗೆದೆ ಅಕ್ಕ. ಅಷ್ಟರಲ್ಲಿ ಪಕ್ಕದವರು, ಇಂಥ ಹುಡುಗಿಗೆ ಕೊಡದೆ ಸೀಟು ಇನ್ಯಾರಿಗೆ ಕೊಡೋದು ಅಂದ್ರು. ಬಾಯಿ ಮುಚ್ಕೊಂಡೆ."

ಅಪ್ಪ ಕುದುರೆಯ ಬೆನ್ನನ್ನೇ ನೋಡುತ್ತಿದ್ದ. "ನೀನಾಗಿ ಏನೂ ಹೇಳ್ನಿಲ್ವಲ್ಲ?"

"ಇಲ್ಲ."

"ಅವರೇ ಅಂದ್ಕೊಂಡಿದ್ದು?"

"ಹೂಂ."

"ಅಂಗಾದ್ರೆ ನೀನು ಸುಳ್ಳು ಹೇಳಿಲ್ಲ ಬುಡು. ನಿಮ್ಮವ್ವಂಗೆ ಮಾತ್ರ ಹೇಳಬ್ಯಾಡಿ."

ಗಂಡಸರಿಗೆ ಎಷ್ಟು ಸಲೀಸು! ಮದುವೆಯೇ ಆಗದ ಹುಡುಗಿ, ಇನ್ನೂ ಎಲ್ಲೋ ಇರುವ ಗಂಡನನ್ನು ಬರುವ ಮೊದಲೇ ಕೊಂದು ಬಂದಿದ್ದಾಳೆ. "ತಿದ್ದಬೇಕಾಗಿತ್ತು ಕಣೆ," ಎಂದೆ.

"ತಿದ್ದಿದ್ರೆ ಗೆಜ್ಜಗಳ್ಳಿಗೆ ನೀನು ಹೋಗ್ತಿದ್ಯಾ?"

ನಾನು ಮಗುವಿಗೆ ಸೆರಗು ಹೊದಿಸಿದೆ.

ಪಟ್ಟಿ ಬಂದಾಗ ಅವಳ ಹೆಸರಿತ್ತು. ಅವ್ವ ಮನೆದೇವರಿಗೂ ನಂಜುಂಡನಿಗೂ ಒಟ್ಟಿಗೇ ತುಪ್ಪದ ದೀಪ ಹಚ್ಚಿದಳು. ಪಂಕಿ ಮಾತ್ರ ಹಿತ್ತಲ ಕಲ್ಲಿನ ಮೇಲೆ ಕೂತು, ಮುಳ್ಳು ಮುಳ್ಳಾಗಿ ಚಿಗುರುತ್ತಿದ್ದ ತಲೆ ಸವರಿಕೊಳ್ಳುತ್ತಿದ್ದಳು.

"ಮಾರ್ಕ್ಸಿಗೆ ಬಂತೋ, ಈ ತಲೆಗೆ ಬಂತೋ ಅಕ್ಕ? ಅದು ನನಗೆ ಯಾವತ್ತೂ ಗೊತ್ತಾಗಲ್ಲ ಅಲ್ವಾ?"

"ಓದ್ತಾ ಓದ್ತಾ ಮರ್ತೋಗ್ತದೆ ಬುಡು," ಎಂದೆ. ಮರೆಯುವ ಪೈಕಿ ಅವಳಲ್ಲ ಎಂದು ನನಗೆ ಗೊತ್ತಿತ್ತು.

ಫೀಸು ಕಟ್ಟಿ ಸೇರಿಕೊಳ್ಳುವ ದಿನ ಅವ್ವ ತಾನೂ ಬರುತ್ತೇನೆಂದು ಹೊರಟಳು. ಪಂಕಿ ಬಿಸಿಲು ಅಂದಳು, ದೂರ ಅಂದಳು, ಅಲ್ಲಿ ಕೂರುವುದಕ್ಕೂ ಜಾಗವಿಲ್ಲ ಅಂದಳು. ಅಪ್ಪ ಕೂಡ ಗೊಣಗಿದ. ಅವ್ವ ಯಾರ ಮಾತಿಗೂ ಜಗ್ಗಲಿಲ್ಲ. ಹೊಸ ಸೀರೆಯುಟ್ಟು, ಮೊಳ ಮಲ್ಲಿಗೆ ಮುಡಿದು, ಕಾಸಗಲ ಕುಂಕುಮವಿಟ್ಟು ನಮ್ಮೆಲ್ಲರಿಗಿಂತ ಮುಂಚೆ ಟಾಂಗಾ ಹತ್ತಿ ಕೂತಳು. ಪಂಕಿಯ ಕೈ ಹಿಡಿದುಕೊಂಡೆ.

ಫೀಸು ಕಟ್ಟಿ ವರಾಂಡದಲ್ಲಿ ನಿಂತಿದ್ದೆವು. ಪಂಕಿ ಅವತ್ತೂ ಅದೇ ಬಿಳಿ ಸೀರೆ ಉಟ್ಟು, ಬಾಗಿಲ ಹತ್ತಿರ ಬಳೆ ಬಿಚ್ಚಿದ್ದಳು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಆಚೆ ಬಾಗಿಲಿನಿಂದ ಪೇಟ ಸುತ್ತಿದ, ಉದ್ದ ಕೋಟಿನ ಮುದುಕರೊಬ್ಬರು ಬಂದರು. ಪಂಕಿ "ರಾಮಸ್ವಾಮಿ ಡಾಕ್ಟ್ರು" ಎಂದು ಪಿಸುಗುಟ್ಟಿ ನನ್ನ ಹಿಂದೆ ಸರಿದಳು. ಅವರು ಅವಳ ಗುರುತು ಹಿಡಿದು ನೆಟ್ಟಗೆ ಅವ್ವನ ಎದುರಿಗೇ ಬಂದು ಕೈಮುಗಿದರು. ಸೌದೆ ಡಿಪೋ ಕೆಂಚಮ್ಮನಿಗೆ ಅಂಥವರು ಕೈಮುಗಿದದ್ದು ಅದೇ ಮೊದಲು.

"ನೀವು ಈ ಹುಡುಗಿಯ ತಾಯಿ ಅಲ್ವೇ? ಅಳಿಯ ತೀರಿಕೊಂಡ ದುಃಖದಲ್ಲೂ ಮಗಳನ್ನ ಓದೋಕೆ ಕಳಿಸ್ತಾ ಇದ್ದೀರಿ. ದೊಡ್ಡ ಮನಸ್ಸು ತಾಯಿ ನಿಮ್ಮದು."

ಅವ್ವನ ಕಣ್ಣು ಮೊದಲು ಹಾರಿದ್ದು ನನ್ನ ಕೊರಳಿಗೆ. ಇರುವ ಅಳಿಯ ಒಬ್ಬನೇ, ನನ್ನ ಗಂಡ. ಇಲವಾಲದಿಂದ ಏನೋ ಸುದ್ದಿ ಬಂದು, ನಾವೆಲ್ಲ ಅವಳಿಂದ ಮುಚ್ಚಿಟ್ಟಿದ್ದೇವೆಂದುಕೊಂಡಳೋ ಏನೋ, ಮುಖ ಸುಣ್ಣದಂತಾಯಿತು. ತಾಳಿ ಕಂಡಿತು. ಅಪ್ಪನನ್ನು ನೋಡಿದಳು, ಅಪ್ಪ ನೆಲ ನೋಡುತ್ತಿದ್ದ. ಆಮೇಲೆ ಪಂಕಿಯ ಕಡೆ ತಿರುಗಿದಳು. ಬಿಳಿ ಸೀರೆ, ಬರಿಗೈ, ಸೆರಗಿನ ಕೆಳಗಿನ ತಲೆ. ತಾನೇ ಕೈ ಹಿಡಿದು ಕರೆದುಕೊಂಡು ಹೋಗಿ ತೆಗೆಸಿದ ತಲೆ. ಅವಳಿಗೆ ಎಲ್ಲ ತಿಳಿಯಿತು.

ನಮ್ಮವ್ವ ಎಂಥವಳೆಂದರೆ, ಬೀದಿ ಜಗಳದಲ್ಲಿ ಯಾರಾದರೂ ಮುಂಡೆ ಎಂದು ಬೈದರೆ ಆ ಮಾತು ನಮಗೆ ತಾಗದಿರಲೆಂದು ಉಪ್ಪು ನಿವಾಳಿಸಿ ಇಳಿ ತೆಗೆಯುವವಳು. ಈಗ ಇವರನ್ನು ಹಿಡಿದು ಝಾಡಿಸುತ್ತಾಳೆ, ಸೀಟು ಹೋಯಿತು ಎಂದುಕೊಂಡೆ. ಪಂಕಿಯ ಉಗುರು ನನ್ನ ತೋಳಿಗೆ ಇಳಿದಿತ್ತು.

"ಏನ್ಮಾಡದು ಬುದ್ಧಿ," ಎಂದಳು ಅವ್ವ. ದನಿ ಅವಳದಾಗಿರಲಿಲ್ಲ. "ಅವಳ ಹಣೇಲಿ ಅಷ್ಟೇ ಬರ್ದಿತ್ತು."

"ಏನಾಗಿತ್ತು ಹುಡುಗನಿಗೆ?"

"ಜ್ವರ ಬುದ್ಧಿ. ಎರಡೇ ದಿನ ಮಲಗಿದ್ದು."

ಅವರು ತಲೆದೂಗಿ, ಪಂಕಿಗೆ "ಚೆನ್ನಾಗಿ ಓದಮ್ಮ" ಎಂದು ಹೇಳಿ ಹೋದರು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೊರಗೆ ಬಂದು ಅವ್ವ ಮೆಟ್ಟಿಲ ಮೇಲೆ ಕೂತಳು. ಪಂಕಿ ಅವಳ ಕಾಲ ಹತ್ತಿರ ಕೂತು "ಅವ್ವ, ಅವ್ವ" ಎನ್ನುತ್ತಲೇ ಇದ್ದಳು. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ನಾನು ಕಾಯುತ್ತಿದ್ದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಎಷ್ಟು ವರ್ಷ ಓದಬೇಕು ಇಲ್ಲಿ?"

"ಐದಾರು ವರ್ಷ ಅವ್ವ."

"ಅಷ್ಟು ವರ್ಷದಾಗೆ ಯಾರಾದ್ರೂ ಕೇಳೇ ಕೇಳ್ತಾರೆ. ಗಂಡನ ಹೆಸರು ನೀನು ಹೇಳಂಗಿಲ್ಲ, ನಿನ್ನ ಬುಟ್ಬುಡ್ತಾರೆ. ನನ್ನ ಕೇಳ್ತಾರೆ." ಅವ್ವ ಅವಳ ಕಡೆ ತಿರುಗಿದಳು. "ಏನವನ ಹೆಸರು?"

ನಂಜನಗೂಡಿನಲ್ಲಿ ಅಳದವಳು ಈಗ ಬಿಕ್ಕಿದಳು. "ಹೆಸರು ಇಟ್ಟಿಲ್ಲ ಕಣವ್ವ."

"ಇಡು ಮತ್ತೆ," ಎಂದಳು ಅವ್ವ. "ಸತ್ತೋನಿಗೆ ಒಂದು ಹೆಸರಾದ್ರೂ ಬ್ಯಾಡ್ವಾ?"