ಕೆಂಪು ಚಿಂದಿಯ ಕಡ್ಡಿ

ಹೊಳೆ ಏರುತ್ತಿದೆಯೋ ನಿಂತಿದೆಯೋ ತಿಳಿಯಲು ಬಾಬಾಸಾಹೇಬರಿಗೆ ಟಿವಿ ಬೇಕಿರಲಿಲ್ಲ, ಒಂದು ಕಡ್ಡಿ ಸಾಕಿತ್ತು. ತುದಿಗೆ ಕೆಂಪು ಚಿಂದಿ ಕಟ್ಟಿ ನೀರಿನ ಅಂಚಿಗೆ ಊರುವುದು. ನೀರು ಬಂದು ಮುಟ್ಟಿದರೆ ಕಿತ್ತು ಹೊಸ ಅಂಚಿಗೆ ಊರುವುದು, ಎಷ್ಟು ಹೆಜ್ಜೆ ಸರಿಯಿತು ಅಂತ ಎಣಿಸಿ ಬಂದು ಹೇಳುವುದು. ಕೃಷ್ಣೆಯ ದಂಡೆಯಲ್ಲಿ ಇದೇನು ದೊಡ್ಡ ವಿದ್ಯೆಯಲ್ಲ. ಅವರ ಮನೆಯಲ್ಲಿ ಕಡ್ಡಿ ಊರುವವಳು ಹೆಂಡತಿ ಲಕ್ಕವ್ವ, ಕೇಳಿ ತೀರ್ಮಾನ ಮಾಡುವವರು ಬಾಬಾಸಾಹೇಬರು. ಆಕೆ ಹೊಸ್ತಿಲಲ್ಲಿ ನಿಂತು "ಆರು ಹೆಜ್ಜಿ ಬಂದಾಳ್ರಿ" ಅಂದರೆ ಅವರು ಕ್ಷಣ ಯೋಚಿಸಿ "ಎಮ್ಮಿ ಬಿಚ್ಚು" ಅನ್ನುತ್ತಿದ್ದರು, ಅಂದರೆ ಮನೆ ಬಿಡಬೇಕು ಅಂತ, ಇಲ್ಲವೇ "ಮಕ್ಕೊ ಹೋಗು" ಅನ್ನುತ್ತಿದ್ದರು. ನಲವತ್ತು ವರ್ಷ ಹೀಗೇ ನಡೆದಿತ್ತು, ಒಮ್ಮೆಯೂ ತಪ್ಪಿರಲಿಲ್ಲ.

ಈಗ ಬಾಬಾಸಾಹೇಬರಿಗೆ ಲಕ್ವಾ ಹೊಡೆದು ಮೂರು ವರ್ಷವಾಗಿತ್ತು, ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಲಕ್ಕವ್ವನಿಗೆ ಮರೆವು. ಸಣ್ಣ ಮರೆವಲ್ಲ ಬಿಡ್ರಿ, ಉಂಡ ತಾಟು ಮುಂದಿರುವಾಗಲೇ "ನನಗ ಯಾರೂ ಊಟಕ್ಕ ಹಾಕವಲ್ಲರು" ಎಂದು ಅಳುವಂಥದ್ದು. ಇವರಿಬ್ಬರ ನಡುವೆ ಮಗಳು ಉಜ್ವಲಾ. ಗಂಡ ತೀರಿಕೊಂಡ ಮೇಲೆ ಕಾಗವಾಡದ ಕಡೆಯ ಈ ತೋಟದ ಮನೆಗೆ ಬಂದು ಹದಿನಾರು ವರ್ಷವಾಗಿತ್ತು. ಒಬ್ಬರನ್ನು ಹೊರಳಿಸಿ ಮಲಗಿಸುವಷ್ಟರಲ್ಲಿ ಇನ್ನೊಬ್ಬರು ಎಲ್ಲೋ ಎದ್ದು ಹೋಗಿರುತ್ತಿದ್ದರು.

ಮಳೆ ಹನ್ನೊಂದು ದಿನದಿಂದ ಬಿಟ್ಟಿರಲಿಲ್ಲ. ಬೆಳಿಗ್ಗೆ ಮಾಯಪ್ಪನ ಬೋಟು ಮನೆ ಮುಂದಿನ ತಗ್ಗು ಗದ್ದೆಯ ತನಕ ಬಂತು. ಊರಿನ ಜನರನ್ನು ಉಗಾರದ ಸಾಲಿಗೆ, ಆ ಶಾಲೆಯಲ್ಲಿ ತೆರೆದಿದ್ದ ಗಂಜಿ ಕೇಂದ್ರಕ್ಕೆ ಸಾಗಿಸುವವನು ಅವನೇ.

"ಅಕ್ಕಾರ, ಹತ್ತರ್ರಿ. ಕಾಕಾನ್ನ ನಾವ ಎತ್ತತೀವಿ."

ಉಜ್ವಲಾ ಅಪ್ಪನ ಕಡೆ ನೋಡಿದಳು. ಬಾಬಾಸಾಹೇಬರು ಗೋಡೆಯ ಕಡೆ ಮುಖ ಮಾಡಿದರು.

ಎರಡು ವರ್ಷದ ಹಿಂದಿನ ಮಹಾಪೂರದಲ್ಲಿ ಅವರನ್ನು ಅದೇ ಸಾಲಿಗೆ ಒಯ್ದಿದ್ದರು. ಒಂದೇ ಕೋಣೆಯಲ್ಲಿ ಅರವತ್ತು ಜನ. ಮೂರನೆಯ ದಿನ ಹಾಸಿಗೆಯಲ್ಲೇ ಆಗಿಬಿಟ್ಟಿತು. ಜನ ಸೆರಗಿನಿಂದ ಮೂಗು ಮುಚ್ಚಿಕೊಂಡರು, ಯಾರೋ ಊದಿನಕಡ್ಡಿ ಹಚ್ಚಿದರು. ಊರಿನ ಹತ್ತು ಜಗಳ ಬಿಡಿಸಿದ ಮನುಷ್ಯ ಅಂದು ಕಂಬಳಿಯೊಳಗೆ ಮುಖ ಹುದುಗಿಸಿ ಕೂಸಿನ ಹಾಗೆ ಅತ್ತಿದ್ದರು. ಮನೆಗೆ ಬಂದು ನೋಡಿದರೆ ನೀರು ಹಿತ್ತಲ ಮೆಟ್ಟಿಲನ್ನೂ ಹತ್ತಿರಲಿಲ್ಲ. "ಮತ್ತ ನೀರ ಬಂದ್ರ ನನ್ನ ಇಲ್ಲೇ ಬಿಡು ಯವ್ವಾ, ಆ ಸಾಲಿಗಿ ಒಯ್ಯಬ್ಯಾಡ" ಎಂದು ಮಗಳ ಕೈ ಹಿಡಿದು ಕೇಳಿದ್ದರು. ಕಡ್ಡಿ ಹಿತ್ತಲ ಬಾವಿ ದಾಟಿ ಮನೆಯ ಕಡೆ ಬರುವ ತನಕ ಒಯ್ಯುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು.

ಹಿಂದಿನ ಸಂಜೆ ಅವಳೇ ಹೋಗಿ ಕಡ್ಡಿ ಊರಿ ಬಂದಿದ್ದಳು, ಬಾವಿಯ ಆಚೆ, ಕಬ್ಬಿನ ನಡುವಿನ ಚಕ್ಕಡಿ ದಾರಿಯಲ್ಲಿ. ಈಗ ಹಿತ್ತಲ ಬಾಗಿಲಿಗೆ ಹೋಗಿ ನೋಡಿದಳು. ಎರಡೂ ಕಡೆ ಆಳೆತ್ತರದ ಕಬ್ಬು, ನಡುವೆ ನೆಟ್ಟಗೆ ದಾರಿ, ಸುರಿಯುವ ಮಳೆಯಲ್ಲಿ ಕೆಂಪು ಚಿಂದಿ ಕಂಡಿತು. ಅದರ ಬುಡದಿಂದ ಆಚೆ ನೀರು. ನಿನ್ನೆ ಹೇಗಿತ್ತೋ ಹಾಗೇ.

"ನೀರ ನಿಂತೈತಿ ಮಾಯಪ್ಪಾ. ಇವತ್ತ ಒಂದ ದಿನ ನೋಡತೇವಿ."

"ನೋಡ್ರಿ ಮತ್ತ. ಮ್ಯಾಲ ಮಹಾರಾಷ್ಟ್ರದಾಗ ಒಂದ ಸವನ ಸುರ್ಯಾಕತ್ತೈತಿ. ಸಂಜಿಕ ಒಂದ ಸರ್ತಿ ಬರತೇನಿ."

ಅಪ್ಪನ ಮಾನಕ್ಕಾಗಿಯೇ ಬೇಡ ಅಂದಳು ಅಂತ ಹೇಳಿದರೆ ಅದು ಪೂರ್ತಿ ಖರೆ ಅಲ್ಲ. ಅವಳಿಗೆ ಸಾಕಾಗಿತ್ತು. ಆ ಭಾರದ ಮೈ, ಔಷಧಿ, ಬಟ್ಟೆ, ಕ್ಷಣಕ್ಕೊಮ್ಮೆ ಕಳೆದುಹೋಗುವ ಅವ್ವ, ಇಷ್ಟನ್ನೂ ಕಟ್ಟಿಕೊಂಡು ಬೋಟು ಹತ್ತುವುದನ್ನು ನೆನೆದರೇ ಜೀವ ಬೇಡವಾಗುತ್ತಿತ್ತು. ಕಡ್ಡಿ ನಿಂತಲ್ಲೇ ನಿಂತಿದೆ ಅಂದಾಗ ಅವಳಿಗೂ ಹಾಯೆನಿಸಿತ್ತು.

ಹತ್ತು ಗಂಟೆಗೆ ನೋಡಿದಳು, ಚಿಂದಿ ನೀರಿನ ಅಂಚಿನಲ್ಲೇ ಇತ್ತು. ಹನ್ನೆರಡಕ್ಕೂ ಅಲ್ಲೇ. ಅಪ್ಪನಿಗೆ ಗಂಜಿ ಕುಡಿಸಿ, ಮೈ ಒರೆಸಿ, ತೊಯ್ದ ದುಪ್ಪಟಿ ಬದಲಿಸುವಷ್ಟರಲ್ಲಿ ಎರಡಾಯಿತು. ಆಗ ಕಾಲಿಗೆ ತಣ್ಣಗೆ ಹತ್ತಿತು. ನೋಡಿದರೆ ಅಡುಗೆಮನೆಯ ಕಡೆಯಿಂದ ನೀರು ಹರಿದು ಬರುತ್ತಿದೆ!

ಹಿತ್ತಲ ಬಾಗಿಲಲ್ಲಿ ಲಕ್ಕವ್ವ ನಿಂತಿದ್ದಳು. ಮೊಣಕಾಲ ತನಕ ಸೀರೆ ತೊಯ್ದಿತ್ತು, ಕೈಗೆಲ್ಲ ರಾಡಿ, ಕೈಯಲ್ಲಿ ಕೆಂಪು ಚಿಂದಿಯ ಕಡ್ಡಿ.

"ಇನ್ನ ಎಲ್ಲಿ ಊರ್ಲಿ ಬೇ ಇದನ್ನ? ಇಲ್ಲಿ ಫರಸಿ ಕಲ್ಲ ಐತಿ, ಒಳಗ ಇಳಿಯವಲ್ದು."

"ಅವ್ವಾ! ಕಡ್ಡಿ ನೀ ಸರಿಸಿದೇನ?"

"ನೀರ ಮುಟ್ಟಿದಾಗೆಲ್ಲಾ ಸರಿಸಬೇಕಲ್ಲ? ಇಲ್ಲಂದ್ರ ಅವರು ಬೈತಾರ."

ಬೆಳಿಗ್ಗೆಯಿಂದ ತಾನು ನೋಡಿದ್ದು ನಿಂತ ನೀರನ್ನಲ್ಲ. ಅವ್ವ ಹೆಜ್ಜೆ ಹೆಜ್ಜೆಯಾಗಿ ಮನೆಗೆ ಕರೆತರುತ್ತಿದ್ದ ಹೊಳೆಯನ್ನು. ನೆಟ್ಟಗಿನ ದಾರಿಯಲ್ಲಿ ಚಿಂದಿ ದೂರವಿದೆಯೋ ಹತ್ತಿರವಿದೆಯೋ ಎಂದು ಮಳೆಯಲ್ಲಿ ಅವಳ ಕಣ್ಣಿಗೆ ತಿಳಿದಿರಲಿಲ್ಲ. ಬಾವಿ ಮುಳುಗಿದ್ದನ್ನೂ ನೋಡಿರಲಿಲ್ಲ, ನೋಡಿದ್ದು ಕಡ್ಡಿಯನ್ನಷ್ಟೇ. ಅವಳು ಅವ್ವನ ಮೇಲೆ ಕೈ ಎತ್ತಿದಳು.

ಒಳಗಿನಿಂದ ಬಾಬಾಸಾಹೇಬರ ತೊದಲು ದನಿ ಬಂತು. "ಎಷ್ಟ ಹೆಜ್ಜಿ ಬಂದಾಳ?"

ಲಕ್ಕವ್ವ ಗಾಬರಿಯಾದಳು. ಬೆರಳು ಮಡಚಿದಳು, ಬಿಡಿಸಿದಳು. "ಎಣಿಸಿದ್ನಿರಿ... ಹೇಳಾಕ ಅಂತನ ಬರತಿದ್ದೆ. ಹಾದ್ಯಾಗ ಮರತ ಹೋತು."

ಆ ಮುದುಕನಿಗೆ ಎಲ್ಲಾ ತಿಳಿಯಿತು. "ಆಕೀಗೇನೂ ಅನಬ್ಯಾಡ ಉಜ್ವಲಾ. ಕಲಿಸಿದಾಂವ ನಾನ."

ಫೋನಿಗೆ ಸಿಗ್ನಲ್ ಇರಲಿಲ್ಲ. ಅವ್ವನನ್ನು ಏಣಿ ಹತ್ತಿಸಿ ಅಟ್ಟದ ಮೇಲೆ ಕೂರಿಸಿದಳು. ಅಪ್ಪನ ಬಗಲಿಗೆ ಕೈ ಹಾಕಿ ಎಳೆದಳು. ಎತ್ತರದ ಆಳು, ಅರ್ಧ ಮೈ ಸತ್ತ ಆಳು, ಏಣಿಯ ಒಂದು ಮೆಟ್ಟಿಲೂ ಏರಲಿಲ್ಲ. ಮಂಚದ ಒಂದೊಂದೇ ಕಾಲೆತ್ತಿ ಇಟ್ಟಿಗೆ ಕೊಟ್ಟಳು, ಅದರ ಮೇಲೆ ಇನ್ನೊಂದು ಜೋಡಿಸಿದಳು. ನೀರು ಅದನ್ನೂ ಮುಟ್ಟಿತು. ಕೊನೆಗೆ ಮಂಚದ ಮೇಲೆ ಕೂತು ಅಪ್ಪನನ್ನು ಎದೆಗೆ ಒರಗಿಸಿಕೊಂಡು ಎರಡೂ ಕೈಯಿಂದ ಬಿಗಿಹಿಡಿದಳು. ನೀರು ಅವರ ಸೊಂಟಕ್ಕೆ ಬಂತು, ಆಮೇಲೆ ಎದೆಗೆ ಬಂತು.

"ಭಾಳ ಥಂಡಿ ಐತಿ."

"ಮಾಯಪ್ಪ ಬರತಾನ ಅಪ್ಪಾ. ಇನ್ನೇನ ಬಂದ."

"ಸಾಲಿಗಿ ಬ್ಯಾಡ" ಅಂದರು. ಅದೇ ಕೊನೆಯ ಮಾತು.

ಅವಳು ಮಾತಾಡುತ್ತಲೇ ಇದ್ದಳು. ದೇವರನ್ನು ಬೈದಳು, ಹೊಳೆಯನ್ನು ಬೈದಳು, ತನ್ನ ಹಣೆಬರಹವನ್ನು ಬೈದಳು. ಸಂಜೆ ಬೋಟಿನವರು ಬಾಗಿಲು ಒಡೆದು ಒಳಗೆ ಬಂದಾಗಲೂ ಹಿಡಿತ ಸಡಿಲಿಸಿರಲಿಲ್ಲ. ಮಾಯಪ್ಪ ಮುದುಕನ ಮೂಗಿನ ಹತ್ತಿರ ಕೈ ಹಿಡಿದು ನೋಡಿ, "ಬಿಡ್ರಿ ಅಕ್ಕಾರ. ಕಾಕಾ ಹೋಗಿ ಭಾಳೊತ್ತ ಆಗೇತಿ" ಎಂದ.

ಬಾಬಾಸಾಹೇಬರನ್ನು ಸಾಲಿಗೇ ಒಯ್ಯಬೇಕಾಯಿತು. ಬೇರೆ ಒಣ ನೆಲವೇ ಇರಲಿಲ್ಲ. ಬೆಳಗಾಗುವ ತನಕ ಅದೇ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಮಲಗಿಸಿದರು. ಯಾರೋ ಊದಿನಕಡ್ಡಿ ಹಚ್ಚಿದರು. ಉಜ್ವಲಾ ಅದನ್ನು ಕಿತ್ತು ಮಳೆಗೆ ಎಸೆದಳು. ಆಕೆಗೆ ಹುಚ್ಚು ಹಿಡಿದಿದೆ ಎಂದು ಜನ ದೂರ ಸರಿದರು.

ನಾಲ್ಕನೆಯ ದಿನ ಗಂಜಿಯ ತಾಟಿನ ಮುಂದೆ ಕೂತಿದ್ದ ಲಕ್ಕವ್ವನ ಮುಖ ಒಮ್ಮೆಲೇ ಅರಳಿತು. ಮಗಳ ತೋಳು ಹಿಡಿದು ಅಲ್ಲಾಡಿಸಿದಳು.

"ನೆನಪಾತು ಬೇ! ಎಂಬತ್ತೇಳ ಹೆಜ್ಜಿ. ಜಲ್ದಿ ಹೋಗಿ ನಿಮ್ಮಪ್ಪಗ ಹೇಳು. ದಾರಿ ಕಾಯಾಕತ್ತಿರ್ತಾರ."

ಉಜ್ವಲಾ ಎದ್ದಳು. ಪಡಸಾಲೆಗೆ ಹೋಗಿ, ಅಪ್ಪನನ್ನು ಮಲಗಿಸಿದ್ದ ಬರಿಯ ನೆಲದ ಮುಂದೆ ನಿಂತು, ತಿರುಗಿ ಬಂದಳು.

"ಹೇಳಿದೆ ಅವ್ವಾ."

"ಏನಂದ್ರು?"

"ಎಮ್ಮಿ ಬಿಚ್ಚು ಅಂದ್ರು."

"ಹಂಗಾರ ಏಳು, ಕುಂಡ್ರಬ್ಯಾಡ" ಎಂದು ಲಕ್ಕವ್ವ ತಾಟು ಸರಿಸಿ ಸೆರಗು ಸಿಕ್ಕಿಸಿಕೊಂಡಳು. ಎಮ್ಮೆಯನ್ನು ಹೋದ ವರ್ಷವೇ ಮಾರಿಯಾಗಿತ್ತು. ಉಜ್ವಲಾ ಅವ್ವನ ಕೈ ಹಿಡಿದುಕೊಂಡು ಅವಳ ಹಿಂದೆಯೇ ಬಾಗಿಲ ತನಕ ಹೋದಳು.