ಚೀರುವ ಹುಡುಗಿಯರು

ಕುಬಿಹಾಳಕ್ಕೆ ಬಂದ ಮೊದಲ ಟಿ.ವಿ. ಮಂಜಪ್ಪನ ಮನೆಯದು. ಮರದ ಪೆಟ್ಟಿಗೆ, ಮುಂದೆ ಎರಡೂ ಕಡೆಗೆ ಸರಿಸುವ ಬಾಗಿಲು, ಮಾಳಿಗೆಯ ಮೇಲೆ ಹುಬ್ಬಳ್ಳಿಯ ಕಡೆ ಮುಖ ಮಾಡಿದ ಆಂಟೆನಾ. ಅದರ ಮೇಲೆ ಕಾಗೆ ಕೂತರೆ ಕೆಳಗೆ ಸುದ್ದಿ ಓದುವವಳ ಮುಖ ಸೊಟ್ಟಗಾಗುತ್ತಿತ್ತು. ಮಂಜಪ್ಪ ಕುಂದಗೋಳದ ಹೈಸ್ಕೂಲಿನಲ್ಲಿ ಗುಮಾಸ್ತ. ಪೆಟ್ಟಿಗೆ ತಂದು ಇಟ್ಟದ್ದಷ್ಟೇ ಅವನ ಕೆಲಸ, ನೋಡುವುದೆಲ್ಲ ಉಳಿದವರದು.

ಅವನ ಹೆಂಡತಿ ಬಸವಣ್ಣೆವ್ವನಿಗೆ ಹುಟ್ಟಿನಿಂದಲೂ ಒಂದು ಚಾಳಿ. ಕಂಡದ್ದರ ಬುಡ ಕೇಳದೆ ಬಿಡುವವಳಲ್ಲ. ಹವಾಮಾನ ಹೇಳುವವನ ಊರಲ್ಲಿ ಮಳೆಯಾಗಿದೆಯೇ, ಸುದ್ದಿ ಓದುವವಳು ಮುಂಜಾನೆ ಏನು ತಿಂದು ಬಂದಿದ್ದಾಳೆ, ಎಲ್ಲವೂ ಅವಳಿಗೆ ಬೇಕು. "ಅದನ್ನ ತಗೊಂಡು ನೀ ಏನ ಮಾಡಾಕಿ ಬೇ" ಎಂದು ಬಾಜು ಮನೆಯ ಜಮೀಲಾಬಿ ಕೇಳಿದರೆ, "ಏನೂ ಮಾಡಂಗಿಲ್ಲ, ಗೊತ್ತಿರಲಿ" ಎನ್ನುತ್ತಿದ್ದಳು. ಇಂಥವಳ ಮನೆಗೆ ಟಿ.ವಿ. ಬಂದದ್ದು ಮಂಗನಿಗೆ ಹೆಂಡ ಕುಡಿಸಿದ ಹಾಗಾಗಿತ್ತು.

ಹಾಗೆ ನೋಡಿದರೆ ಅವಳು ಕೇಳದೆ ಬಿಟ್ಟದ್ದು ಬದುಕಿನಲ್ಲಿ ಒಂದೇ ಒಂದು ಮಾತು. ಅದನ್ನು ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

ಅವತ್ತು ರವಿವಾರ. ಹೊಲದ ಮೆಣಸಿನಕಾಯಿ ಒಣಗಿ ಮನೆಗೆ ಬಂದಿತ್ತು. ಪಡಸಾಲೆಯಲ್ಲಿ ರಾಶಿ ಹಾಕಿಕೊಂಡು ಬಸವಣ್ಣೆವ್ವ, ಜಮೀಲಾಬಿ ಇಬ್ಬರೂ ತೊಟ್ಟು ಮುರಿಯುತ್ತಿದ್ದರು. ಘಾಟಿಗೆ ಸೀನುತ್ತ, ಆದರೂ ಟಿ.ವಿ. ಬಿಟ್ಟು ಏಳದೆ ಬಸವಣ್ಣೆವ್ವನ ಅಪ್ಪ ಮಡಿವಾಳೆಪ್ಪ ಗೋಡೆಗೆ ಒರಗಿ ಕೂತಿದ್ದ. ಎಪ್ಪತ್ತೆರಡರ ಮುದುಕ, ಹೆಂಡತಿ ತೀರಿದ ಮೇಲೆ ಮಗಳ ಮನೆಗೆ ಬಂದು ನಿಂತವನು. ಅವನೇನು ಹಾಡುಗಾರನಲ್ಲ. ಆದರೆ ಕೇಳುವವರಲ್ಲಿ ಅವನ ಹೆಸರು ದೊಡ್ಡದು. ಕುಂದಗೋಳದ ವಾಡೆಯಲ್ಲಿ, ಆ ಹಳೆಯ ದೊಡ್ಡ ಮನೆಯಲ್ಲಿ, ವರ್ಷದ ಹಾಡಿಕೆಗೆ ಯಾವ ಬುವಾ ಬಂದು ಹಾಡಿದರೂ ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಮಡಿವಾಳೆಪ್ಪ ಇರಲೇಬೇಕು. ಅವನು ತಲೆದೂಗಿದರೆ ಹಾಡು ಗೆದ್ದಂತೆ ಎಂದು ಜನ ಆಡಿಕೊಳ್ಳುತ್ತಿದ್ದರು.

ತಡೆಗೆ ಕ್ಷಮೆ ಕೇಳುವ ಹಿಂದಿ ಫಲಕ ಹೋಗಿ ಪರದೇಶದ ಯಾವುದೋ ಕಾರ್ಯಕ್ರಮ ಬಂತು. ಹಣೆ ಮುಚ್ಚುವಷ್ಟು ಕೂದಲು ಬಿಟ್ಟ ತೆಳ್ಳನೆಯ ಹುಡುಗನೊಬ್ಬ ಗಿಟಾರು ಹಿಡಿದು ಹಾಡುತ್ತಿದ್ದ. ಅವನ ಸುತ್ತ ಹದಿನೈದು ಹದಿನಾರರ ಹುಡುಗಿಯರು, ಮೊಣಕಾಲಿಗೂ ಬಾರದ ಲಂಗದವರು, ಕುಣಿಯುತ್ತಿದ್ದರು. ಕುಣಿತ ಒತ್ತಟ್ಟಿಗಿರಲಿ, ಕಂಠ ಹರಿಯುವಂತೆ ಚೀರುತ್ತಿದ್ದರು.

"ಯಾ ಅಲ್ಲಾ, ಒಳಗ ಹಾವ ಹೊಕ್ಕೈತೇನ" ಎಂದಳು ಜಮೀಲಾಬಿ.

ಒಂಬತ್ತನೆಯ ಇಯತ್ತೆ ಓದುವ ಮಗಳು ಸಾವಿತ್ರಿ ಇಂಗ್ಲಿಷ್ ಮಾತಿಗೆ ಕಿವಿಗೊಟ್ಟು, ತಿಳಿದಷ್ಟನ್ನು ಹೇಳಿದಳು. "ಹಾವಲ್ಲ ಚಿಗವ್ವ, ಖುಷಿಗೆ ಚೀರಾಕತ್ತಾರ. ಇದು ಹಳೇದಂತ, ಅರವತ್ನಾಕನೇ ಇಸವಿದು. ಅಲ್ಲಿ ವಾರಾ ವಾರಾ ಹಿಂಗ ಹುಡುಗ ಹುಡುಗ್ಯಾರನ್ನ ಕರದು ಟಿ.ವಿ.ಯಾಗ ಹಾಡಸ್ತಿದ್ರಂತ, ಕುಣಸ್ತಿದ್ರಂತ. ಇನ್ನ ಎರಡ ರವಿವಾರ ತೋರಸ್ತಾರಂತ."

ಬಸವಣ್ಣೆವ್ವನ ಕೈ ಮೆಣಸಿನಕಾಯಿಯ ಮೇಲೇ ನಿಂತಿತು. ಅರವತ್ನಾಲ್ಕರಲ್ಲಿ ಅವಳಿಗೂ ಹದಿನಾರು.

ಆ ವರ್ಷ ಅಪ್ಪ ಅವಳನ್ನು ವಾಡೆಗೆ ಕರೆದೊಯ್ದಿದ್ದ. ಚಿಕ್ಕಂದಿನಿಂದ ಅವನ ಮಗ್ಗುಲಲ್ಲಿ ಕೂತು ತಾಳ ಎಣಿಸಿದವಳು ಆಗ ದೊಡ್ಡವಳಾಗಿದ್ದರಿಂದ ಮೇಲಿನ ಜಾಲಂದರದ ಹಿಂದೆ, ಹೆಂಗಸರ ನಡುವೆ ಕೂತಳು. ಮಧ್ಯಾಹ್ನದ ಹೊತ್ತು, ಮಿರಜಿನ ಕಡೆಯ ಬುವಾ ಹಾಡುತ್ತಿದ್ದರು. ಹಾಡುವವರು ಎಲ್ಲೆಲ್ಲಿ ಅಲೆದರೂ ಕೊನೆಗೆ ತಾಳದ ಮೊದಲ ಪೆಟ್ಟಿಗೇ ಬಂದು ಇಳಿಯಬೇಕು. ಅದಕ್ಕೆ ಸಮ್ ಎನ್ನುತ್ತಾರೆ. ಅವರು ಇಳಿದ ಮೇಲೆ ಗಂಡಸರೆಲ್ಲ ಒಟ್ಟಿಗೆ 'ವಾಹ್' ಎನ್ನುವುದು ವಾಡೆಯ ರಿವಾಜು. ಹೆಂಗಸರು ಅನ್ನುವ ಹಾಗಿಲ್ಲ, ಬೇಕಾದರೆ ಕಣ್ಣೊರೆಸಿಕೊಳ್ಳಬಹುದು. ಅವತ್ತು ಬುವಾ ಸ್ವರಗಳ ಓಟದ ತಾನಿನ ಬೆನ್ನು ಹತ್ತಿ ಬಹಳ ದೂರ ಹೋಗಿಬಿಟ್ಟರು. ಕೆಳಗೆ ಕೂತವರ ಎಣಿಕೆ ತಪ್ಪಿತು, ತೊಡೆಯ ಮೇಲಿನ ಕೈಗಳು ನಿಂತವು. ಮೇಲೆ ಕೂತ ಹುಡುಗಿಗೆ ಮಾತ್ರ ಅವರು ಎಲ್ಲಿ ಬಂದು ಇಳಿಯುತ್ತಾರೆಂಬುದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಕಂಡ ಸಂತೋಷ ಎಷ್ಟಿತ್ತೆಂದರೆ, ಅವರು ಇಳಿಯುವುದಕ್ಕೆ ತಾಳದ ಒಂದು ಮಾತ್ರೆ ಮೊದಲೇ ಅವಳ ಬಾಯಿಂದ 'ವಾಹ್' ಎಂಬ ಚೀರು ಹೊರಬಿದ್ದಿತು.

ಇಡೀ ವಾಡೆ ಕತ್ತೆತ್ತಿ ನೋಡಿತು. ಅಪ್ಪ ಮೆಟ್ಟಿಲು ಹತ್ತಿ ಬಂದು ಕೈ ಹಿಡಿದು ಹೊರಗೆ ಕರೆದೊಯ್ದ. ಅಗಸೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ ಒಮ್ಮೆ ಒಳಗೆ ಹೋಗಿ ಬಂದ. ಆಮೇಲೆ ಊರು ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಮರುವರ್ಷ ಮದುವೆಯಾಯಿತು. ತನ್ನ ತಪ್ಪು ಯಾವುದು, ಹೆಣ್ಣಾಗಿ ಚೀರಿದ್ದೋ ತಾಳ ತಪ್ಪಿ ಚೀರಿದ್ದೋ, ಅವಳು ಕೇಳಲಿಲ್ಲ. ಕೇಳಿದರೆ 'ನಿನಗೆ ಕಿವಿಯಿಲ್ಲ' ಎಂದುಬಿಟ್ಟರೆ ಎಂಬ ಅಂಜಿಕೆ. ಅಂದಿನಿಂದ ವಾಡೆಯ ಹೊಸ್ತಿಲು ತುಳಿದಿರಲಿಲ್ಲ. ಈಗ ಮಗಳು ಸಾವಿತ್ರಿ, ಬರುವ ಹಾಡಿಕೆಗೆ ಹೋಗೋಣ ಎಂದು ಬೆನ್ನು ಹತ್ತಿದರೂ ಅವಳದು ಒಂದೇ ಉತ್ತರ: "ನಮಗ ಅದು ತಿಳಿಯಂಗಿಲ್ಲವಾ, ಬಿಡು."

ಎರಡನೆಯ ರವಿವಾರ ಅವಳು ಬೇಗ ರೊಟ್ಟಿ ಬಡಿದು ಮುಗಿಸಿ ಟಿ.ವಿ.ಯ ಮುಂದೆ ಕೂತಳು. ಪ್ರಶ್ನೆಗಳು ಒಂದೊಂದಾಗಿ ಹೊರಬಿದ್ದವು. ಈ ಹುಡುಗಿಯರು ಯಾರ ಮಕ್ಕಳು? ಈಗ ಎಲ್ಲರಿಗೂ ಮೂವತ್ತೆಂಟಾಗಿರಬೇಕಲ್ಲ, ಎಲ್ಲಿದ್ದಾರೆ, ಎಷ್ಟು ಮಕ್ಕಳು? ಆ ದಿನ ಚೀರಿ ಮನೆಗೆ ಹೋದ ಮೇಲೆ ಅಪ್ಪ ಏನಂದ?

"ಅವರಪ್ಪಂದಿರು ಎಲ್ಲೆದಾರ, ಕಾಣವಲ್ರಲ್ಲ" ಎಂದು ಪರದೆಯ ಮೂಲೆ ಮೂಲೆ ಹುಡುಕಿದಳು.

"ಅಪ್ಪಂದಿರು ಇದ್ರ ಹಿಂಗ ಕುಣೀತಿದ್ರೇನ" ಎಂದು ಜಮೀಲಾಬಿ ನಕ್ಕಳು.

ಬಸವಣ್ಣೆವ್ವನಿಗೆ ನಗು ಬರಲಿಲ್ಲ. ಆ ಹುಡುಗಿಯರನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ, ಯಾರೂ ಕೈ ಹಿಡಿದು ಎಳೆದೊಯ್ಯದಿದ್ದರೆ ಚೀರಿದವಳು ಮುಂದೇನು ಮಾಡುತ್ತಾಳೆ ಎಂದು ನೋಡುವ ಆಸೆಯಾಯಿತು. ನೋಡಿದಳು. ಮುಂದೇನಿಲ್ಲ, ಅವಳು ಇನ್ನೊಮ್ಮೆ ಚೀರುತ್ತಾಳೆ ಅಷ್ಟೆ.

ಮೂರನೆಯ ರವಿವಾರ ಜಮೀಲಾಬಿ ನೆಂಟರ ಮನೆಗೆ ಹೋಗಿದ್ದಳು, ಉಳಿದ ಮೆಣಸಿನಕಾಯಿಯ ತೊಟ್ಟನ್ನು ಬಸವಣ್ಣೆವ್ವ ಒಬ್ಬಳೇ ಮುರಿಯುತ್ತಿದ್ದಳು. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಮಡಿವಾಳೆಪ್ಪ ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಾಗಿದ.

"ಬಸವ್ವಾ, ಅವನ ಎದಿ ನೋಡು. ಉಸುರ ತಗೊಳ್ಳವಲ್ಲ."

ನೋಡಿದಳು. ಹೌದು. ಉದ್ದನೆಯ ಸಾಲು ಮುಗಿದರೂ ಹುಡುಗನ ಎದೆ ಏರಲಿಲ್ಲ, ಇಳಿಯಲಿಲ್ಲ. ಕುತ್ತಿಗೆಯ ನರ ಕೂಡ ಉಬ್ಬಲಿಲ್ಲ.

"ಇವ ಹಾಡವಲ್ಲ" ಎಂದ ಮುದುಕ, ಕಳ್ಳನನ್ನು ಹಿಡಿದವನ ಹುರುಪಿನಲ್ಲಿ. "ಎಲ್ಲೋ ಹಿಂದ ಗ್ರಾಮೋಫೋನ್ ಪ್ಲೇಟ್ ಹಚ್ಚ್ಯಾರ. ಪ್ಲೇಟ್ ಹಾಡತೈತಿ, ಇವ ಬಾಯಿ ಆಡಸ್ತಾನ."

ಬಸವಣ್ಣೆವ್ವ ಇನ್ನೂ ಹತ್ತಿರ ಸರಿದು ಕೂತಳು. "ಅಂದ್ರ ಅಲ್ಲಿ ಖರೇ ಇರೂದು ಹುಡುಗ್ಯಾರ ಚೀರೂದೊಂದ ಆತಲ್ಲ ಯಪ್ಪಾ."

ಅಷ್ಟರಲ್ಲಿ ಮಾಳಿಗೆಯ ಮೇಲೆ ಗಾಳಿ ಬೀಸಿ ಚಿತ್ರ ಕುಣಿಯತೊಡಗಿತು. ಸಾವಿತ್ರಿ ಆಂಟೆನಾ ತಿರುಗಿಸಲು ಏಣಿ ಹತ್ತಿದಳು. ಚಿತ್ರ ಹೋದರೂ ದನಿ ಇತ್ತು. ಮುಖಗಳಿಲ್ಲದೆ ಬರೀ ಕಿವಿಯಿಂದ ಕೇಳಿದಾಗ ಬಸವಣ್ಣೆವ್ವನಿಗೆ ಗದ್ದಲದ ನಡುವೆ ಒಂದೇ ಒಂದು ದನಿ ಬೇರೆಯಾಗಿ ಸಿಕ್ಕಿತು. ಉಳಿದವರು ಬೇಕಾದಾಗ ಬೇಕಾದ ಹಾಗೆ ಚೀರುತ್ತಿದ್ದರು. ಈ ಒಬ್ಬಳು ಮಾತ್ರ ಹಾಡು ಸುತ್ತಿ ಮೊದಲ ಸಾಲಿಗೆ ಮರಳುವ ತುಸು ಮೊದಲು, ಪ್ರತಿ ಸಲವೂ ಅದೇ ಜಾಗದಲ್ಲಿ, ಕೂಗುತ್ತಿದ್ದಳು.

"ಯಪ್ಪಾ, ಆ ಒಬ್ಬಾಕಿ ಕೇಳು. ಎಲ್ಲಾರಕಿಂತ ಮೊದಲ ಒದರತಾಳ. ಆಕಿ ತಪ್ಪಾಕತ್ತಾಳೇನ?"

ಮಡಿವಾಳೆಪ್ಪ ಕಣ್ಣು ಮುಚ್ಚಿ ಕೇಳಿದ. ತೊಡೆಯ ಮೇಲೆ ಬೆರಳು ಆಡಿದವು. ಎರಡು ಸುತ್ತು ಆದ ಮೇಲೆ ತಲೆದೂಗಿದ.

"ತಪ್ಪಲ್ಲವಾ. ಅಲ್ಲಿ ಕೂಡಿದವರೊಳಗ ಹಾಡು ತಿಳದಾಕಿ ಆಕಿ ಒಬ್ಬಾಕಿನ. ಹಾಡು ಎಲ್ಲಿ ಬಂದು ಇಳೀತೈತಿ ಅನ್ನೂದು ಆಕಿಗೆ ಮೊದಲ ಕಾಣತೈತಿ. ಕಂಡ ಮ್ಯಾಲೆ ಬಾಯಿ ತಡಿಯಂಗಿಲ್ಲ."

ಹೇಳಿ ಮುಗಿಸುವ ಹೊತ್ತಿಗೆ ಏನು ಹೇಳಿದೆನೆಂಬುದು ಅವನಿಗೇ ತಿಳಿಯಿತು. ಬೆರಳು ನಿಂತವು. ಕಣ್ಣು ತೆರೆಯಲಿಲ್ಲ.

"ಬಂತೇನವ್ವಾ?" ಎಂದು ಮಾಳಿಗೆಯಿಂದ ಸಾವಿತ್ರಿ ಕೂಗಿದಳು.

ಬಸವಣ್ಣೆವ್ವ ಅಪ್ಪನ ಕಡೆ ತಿರುಗಿದಳು.

"ಹಂಗಾರ ನಾನು?" ಎಂದಳು ಬಸವಣ್ಣೆವ್ವ. ಇಪ್ಪತ್ತೆರಡು ವರ್ಷದ ಪ್ರಶ್ನೆ ಎರಡೇ ಮಾತಿನಲ್ಲಿ ಮುಗಿಯಿತು.

ಮುದುಕ ಕಣ್ಣು ತೆರೆದು ಕನ್ನಡಕ ತೆಗೆದ. ಆಮೇಲೆ ನೆಲ ನೋಡುತ್ತ ಹೇಳಿದ. "ನಿನ್ನ ಅಗಸಿಯಾಗ ನಿಲ್ಲಿಸಿ ಒಳಗ ಹೋದ್ನೆಲ್ಲ, ಹಾಡು ಮುಗಿಸಿ ಒಳಗಿನ ಖೋಲಿಗೆ ಹೋದ ಬುವಾ ಹೇಳಿ ಕಳಿಸಿದ್ರು. ಸಿಟ್ಟಾಗ್ಯಾರ ಅಂತ ಅಂಜಿಕೋತ ಹೋದೆ. ಅವರು ಸಿಟ್ಟಾಗಿರಲಿಲ್ಲ. ಮ್ಯಾಲೆ ಚೀರಿದ ಕೂಸು ಯಾರದು ಅಂತ ಕೇಳಿದ್ರು. ಇಡೀ ವಾಡೇದಾಗ ನನ್ನ ತಾನಿನ ಹಿಂದ ಬಂದಾಕಿ ಅದೊಂದ ಕೂಸು, ಒಂದ ವರ್ಷ ನಮ್ಮ ಮನ್ಯಾಗ ಬಿಡ್ರಿ, ನನ್ನ ಹೆಂಡತಿ ಕಡೆ ಇರಲಿ, ಕಲಸ್ತೇನಿ ಅಂದ್ರು."

"ನೀ ಏನಂದಿ?"

"ಗೊತ್ತಿಲ್ಲರಿ, ನಮ್ಮಾಕಿ ಅಲ್ಲ, ಸುಮ್ಮನ ಹೊರಗ ಬಿಟ್ಟ ಬಂದೆ ಅಂದೆ."

ಬಸವಣ್ಣೆವ್ವನಿಗೆ ಮೊದಲು ಆದದ್ದು ಸಂತೋಷ. ಅದು ಅವಳಿಗೇ ವಿಚಿತ್ರವೆನಿಸಿತು. ತಾಳ ತಪ್ಪಿರಲಿಲ್ಲ, ಕಿವಿ ಇತ್ತು. ಆ ಸಂತೋಷದ ಬೆನ್ನಿಗೇ, ಹಾಗಾದರೆ ಇಷ್ಟು ವರ್ಷ, ಎಂಬ ಸಿಟ್ಟು ನೆತ್ತಿಗೇರಿತು. ರೇಡಿಯೋದಲ್ಲಿ ತಂಬೂರಿ ಕೇಳಿದರೆ ಎದ್ದು ಹೋಗಿ ಬಂದ್ ಮಾಡಿದ ಎಷ್ಟು ಮುಂಜಾನೆಗಳು. ತೊಟ್ಟಿಲು ತೂಗುವಾಗಲೂ ಬಾಯಿ ಬಿಟ್ಟು ಹಾಡದೆ ಬರೀ ಹಗ್ಗ ಎಳೆದ ಎಷ್ಟು ರಾತ್ರಿಗಳು.

"ಅಂಜಿಕಿ ಆತವಾ" ಎಂದ ಮಡಿವಾಳೆಪ್ಪ. "ಹಾಡಾಕಿ ಆದ್ರ ನಿನ್ನ ಯಾರು ಮಾಡ್ಕೋತಾರ ಅಂತ. ಆಮ್ಯಾಲೆ ಹೇಳಬೇಕಂತ ಭಾಳ ಸಲ ಮಾಡಿದೆ. ಬಾಯಿ ಬರಲಿಲ್ಲ."

"ಕೇಳಾಕ ಮುಂದಿನ ಸಾಲು ಬೇಕು, ಮಗಳು ಮಾತ್ರ ಬ್ಯಾಡಾದ್ಲು ನಿನಗ" ಎಂದು ಅವಳು ಎದ್ದು ಒಲೆಯ ಕಡೆ ಹೋದಳು. ಕೈಗೆ ಮೆಣಸಿನಕಾಯಿಯ ಖಾರ ಹತ್ತಿತ್ತು, ಕಣ್ಣು ಒರೆಸಿಕೊಳ್ಳುವಂತೆಯೂ ಇರಲಿಲ್ಲ.

ವಾಡೆಯ ಹಾಡಿಕೆ ಮುಂದಿನ ರವಿವಾರವೇ ಇತ್ತು. ಶನಿವಾರ ಸಂಜೆ ಅವಳು ಸಾವಿತ್ರಿಗೆ ಹೋಗೂಣು ಎಂದಳು. ಹುಡುಗಿ ಕುಣಿದಾಡಿದಳು. ಬೆಳಿಗ್ಗೆ ಬಸವಣ್ಣೆವ್ವ ಸೀರೆ ಉಟ್ಟು ಹೊರಗೆ ಬರುವ ಹೊತ್ತಿಗೆ ಮಡಿವಾಳೆಪ್ಪ ಮಡಿ ಧೋತರ ಉಟ್ಟು, ರುಮಾಲು ಸುತ್ತಿ, ಕಟ್ಟೆಯ ಮೇಲೆ ಬಡಿಗೆ ಹಿಡಿದು ಕೂತಿದ್ದ. ಪ್ರತಿ ವರ್ಷ ಅಳಿಯ ಕೈ ಹಿಡಿದು ಬಸ್ಸು ಹತ್ತಿಸುತ್ತಿದ್ದ. ಈ ಸಲ ಮಗಳೇ ಹತ್ತಿಸುತ್ತಾಳೆಂದು ಅವನು ಅಂದುಕೊಂಡಿದ್ದ. ಅವನ ಮುಖ ನೋಡಿ ಅವಳಿಗೆ ಮರುಕವಾಯಿತು. ಆದರೂ ಹೇಳಿದಳು.

"ಯಪ್ಪಾ, ಈ ವರ್ಷ ನೀ ಬರಬ್ಯಾಡ."

ಮುದುಕ ಕತ್ತೆತ್ತಿದ.

"ಸಿಟ್ಟಿಗೆ ಹೇಳವಲ್ಲೆ. ಸಿಟ್ಟೂ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಮುಂದಿನ ಸಾಲಿನ್ಯಾಗ ನಿನ್ನ ಬೆನ್ನ ಕಂಡ್ರ ನನಗ ಹಾಡು ಕೇಳಸಂಗಿಲ್ಲ. ನೀ ಯಾವಾಗ ಎದ್ದು ಬರ್ತಿ ಅಂತ ನೋಡಕೋತ ಕೂಡ್ತೇನಿ. ಒಂದ ಸಲ ನಾ ಒಬ್ಬಾಕಿನ ಕೇಳಬೇಕು. ಮುಂದಿನ ವರ್ಷ ಇಬ್ಬರೂ ಹೋಗೂಣು."

ಎಪ್ಪತ್ತೆರಡರವನಿಗೆ ಮುಂದಿನ ವರ್ಷ ಎನ್ನುವುದು ಸಣ್ಣ ಮಾತಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮಡಿವಾಳೆಪ್ಪ ಸ್ವಲ್ಪ ಹೊತ್ತು ಬಡಿಗೆಯ ಹಿಡಿ ಸವರುತ್ತ ಕೂತು, ಆಮೇಲೆ ನಿಧಾನವಾಗಿ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಹೋಗಿ ಬರ್ರಿ" ಎಂದ.

ವಾಡೆಯಲ್ಲಿ ಈಗ ಹೆಂಗಸರು ಕೆಳಗೇ, ಜಮಖಾನೆಯ ಎಡಗಡೆ ಕೂರುತ್ತಿದ್ದರು. ಮೇಲಿನ ಜಾಲಂದರಕ್ಕೆ ಧೂಳು ಕಟ್ಟಿತ್ತು. ಒಳಗೆ ತಂಬೂರಿ ಕೂಡಿಸುತ್ತಿದ್ದರು, ತಂತಿ ಇನ್ನೂ ಸುರಕ್ಕೆ ಬಂದಿರಲಿಲ್ಲ. ಆ ಸಣ್ಣ ಅಪಸ್ವರ ಅವಳ ಕಿವಿಗೆ ಚುಚ್ಚಿತು, ಚುಚ್ಚಿದ್ದೇ ಅವಳಿಗೆ ಹಿತವಾಯಿತು. ಸಾವಿತ್ರಿಯ ಕೈ ಹಿಡಿದು ಸಾಲಿನಲ್ಲಿ ಎಡೆ ಹುಡುಕುವಾಗ ದೊಡ್ಡ ಕುಂಕುಮದ ಒಬ್ಬ ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರ ಮನ್ಯಾಕಿ ತಂಗಿ ನೀ?"

ಇಂಥವರ ಮಗಳು, ಇಂಥವರ ಹೆಂಡತಿ, ಎರಡೇ ಉತ್ತರ ಅವಳಿಗೆ ಇಷ್ಟು ವರ್ಷ ಗೊತ್ತಿದ್ದದ್ದು. ಮಡಿವಾಳೆಪ್ಪನ ಮಗಳು ಎಂದಿದ್ದರೆ ಆ ವಾಡೆಯಲ್ಲಿ ಮುಂದೆ ಕರೆದು ಕೂರಿಸುತ್ತಿದ್ದರು.

"ಕುಬಿಹಾಳದಾಕಿ ರೀ" ಎಂದಳು ಬಸವಣ್ಣೆವ್ವ. "ಹಾಡು ಕೇಳಾಕ ಬಂದೇನಿ."

ಮುದುಕಿ ಸರಿದು ಎಡೆ ಮಾಡಿಕೊಟ್ಟಳು.